ಬ್ಯಾಡಗಿ ದಾರಿಯ ಚಳಿಗೆ ಒಂದು ಜೊತೆ ಕೈಗವಸು

“ಹಾವೇರಿಯಲ್ಲೆಂಥ ಚಳಿ?” ಎಂದು ನೀವು ನಕ್ಕೀರಿ. ಚಳಿ ಎಂದರೆ ಮಡಿಕೇರಿ, ಚಿಕ್ಕಮಗಳೂರು ಎಂದೇ ನಮಗೆಲ್ಲ ರೂಢಿ. ನಮ್ಮೂರು ಎಂದೊಡನೆ ನಿಮಗೆ ನೆನಪಾಗುವುದು ಏಲಕ್ಕಿ ಹಾರ. ಪಕ್ಕದ ಬ್ಯಾಡಗಿ ಎಂದೊಡನೆ ಕೆಂಪು ಮೆಣಸಿನಕಾಯಿ. ಎರಡೂ ಉಷ್ಣದ ಪದಾರ್ಥಗಳೇ ಆದವಲ್ಲ! ಆದರೆ 2023ರ ಜನವರಿ 6ರಿಂದ 8ರವರೆಗೆ ನಮ್ಮೂರಿನಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದ ಮಂಗಳೂರಿನ ಗೆಳತಿಯೊಬ್ಬಳು, ಬೆಳಗಿನ ಜಾವ ಅಂಗಳಕ್ಕೆ ಕಾಲಿಟ್ಟವಳೇ ಸೆರಗು ಹೊದ್ದುಕೊಂಡು ಒಳಗೆ ಓಡಿಬಂದಳು. “ಏನೇ ಇದು, ನಿಮ್ಮೂರಲ್ಲಿ ಹಗಲು ಬೇಸಿಗೆ, ರಾತ್ರಿ ಹಿಮಾಲಯವಾ?” ಎಂದಳು.

ಅವಳು ಕಂಡದ್ದು ಅಂಗಳದ ಚಳಿ. ನಾನಿಲ್ಲಿ ಹೇಳಹೊರಟಿರುವುದು ಮೋಟಾರ್ ಸೈಕಲ್ಲಿನ ಮೇಲಿನ ಚಳಿ. ಅದರ ರುಚಿಯೇ ಬೇರೆ.

ನಮ್ಮವರು ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಸೋಮವಾರ ಮತ್ತು ಗುರುವಾರ ಅಲ್ಲಿ ಮೆಣಸಿನಕಾಯಿ ಪೇಟೆ. ಹೊಸ ಕಾಯಿ ಬರುವ ಸುಗ್ಗಿಯೂ ಚಳಿಗಾಲವೂ ಒಟ್ಟಿಗೇ ಬರುವುದರಿಂದ, ಡಿಸೆಂಬರ್ ಕಳೆಯಿತೆಂದರೆ ಅವರು ಬೆಳಗಿನ ಐದೂವರೆಗೆಲ್ಲ ಗಾಡಿ ಹೊರಗೆ ತೆಗೆಯಬೇಕು. ನಾನು ಚಹಾ ಮಾಡಿಕೊಟ್ಟು, ಕಿವಿಗೆ ಮಫ್ಲರ್ ಸುತ್ತಿ, ಎದೆಗೆ ಸ್ವೆಟರ್ ಹಾಕಿಸಿ ಕಳಿಸುತ್ತಿದ್ದೆ. ಕೈಯನ್ನು ಮಾತ್ರ ಮರೆತಿದ್ದೆ. ನೀವೂ ಮರೆತಿದ್ದೀರೇನೋ, ಒಮ್ಮೆ ಯೋಚಿಸಿ ನೋಡಿ.

ಹೋದ ವರ್ಷದ ಡಿಸೆಂಬರಿನ ಒಂದು ಗುರುವಾರ. ಬ್ಯಾಡಗಿಯಲ್ಲಿರುವ ತಂಗಿಯ ಮನೆಗೆಂದು ನಾನೂ ಅವರ ಹಿಂದೆ ಕೂತೆ. ಊರು ಬಿಟ್ಟು ಪುಣೆ–ಬೆಂಗಳೂರು ಹೆದ್ದಾರಿ ಸೇರುವ ಹೊತ್ತಿಗೆ ಸುತ್ತಲೂ ಹಾಲಿನಂಥ ಮಂಜು. ಹಿಂದೆ ಇದಕ್ಕೆ 4ನೆಯ ನಂಬರಿನ ಹೆದ್ದಾರಿ ಎನ್ನುತ್ತಿದ್ದರು, ಈಗ 48. ನಂಬರು ಬದಲಾದರೂ ಗಾಳಿ ಅದೇ. ರಸ್ತೆಯ ಎರಡೂ ಕಡೆ ಗೋವಿನಜೋಳ ಕಟಾವಾದ ಬಯಲು. ಗಾಳಿಗೆ ಅಡ್ಡ ಬರುವಂಥದು ಏನೂ ಇಲ್ಲ. ಮಂಜಿನ ಹನಿ ನಮ್ಮವರ ಬರಿಗೈ ಮೇಲೆ ಕೂತು, ಗಾಳಿಗೆ ಮತ್ತಷ್ಟು ತಣ್ಣಗಾಗುತ್ತಿತ್ತು.

“ಬೆರಳು ಮರಗಟ್ಟಿ ಬಿಟ್ಟಾವ ನೋಡು” ಎಂದರು. “ಬರ್ರಿ, ಮೋಟೆಬೆನ್ನೂರ ಬಂತು, ಅಲ್ಲೇ ಒಂದ್ ಚಾ ಕುಡಿಯೂಣು” ಎಂದೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗಬೇಕು. ತಿರುಗಿದ್ದೇ ತಡ, ಮಂಜಿನೊಳಗಿನಿಂದ ಹಿಂದಿನ ದೀಪವೇ ಇಲ್ಲದ ಟ್ರ್ಯಾಕ್ಟರ್ ಒಂದು ಗೋಡೆಯ ಹಾಗೆ ಎದುರಾಯಿತು. ಇವರು ಬ್ರೇಕ್ ಹಿಡಿಯಲು ನೋಡಿದರು. ಬೆರಳು ಮಡಚಲೇ ಇಲ್ಲ! ಮಡಚುವಷ್ಟರಲ್ಲಿ ಗಾಡಿ ರಸ್ತೆ ಬಿಟ್ಟು ಮಣ್ಣಿಗಿಳಿದು ಜಾರಿತು. ಟ್ರ್ಯಾಕ್ಟರಿಗೆ ತಾಗಲಿಲ್ಲ, ದೇವರು ದೊಡ್ಡವನು. ಆದರೆ ಬೀಳುವಾಗ ನಾನು ಎರಡೂ ಅಂಗೈ ಊರಿದೆ. ಚರ್ಮ ಕಿತ್ತು ಹೋಗಿ, ಬಲಗೈ ಮಣಿಕಟ್ಟು ಬಾತುಕೊಂಡಿತು.

ಉತ್ತರ ಕರ್ನಾಟಕದ ಮನೆಯೊಂದರಲ್ಲಿ ಹೆಂಗಸಿನ ಬಲಗೈ ಕೆಟ್ಟರೆ ಏನಾಗುತ್ತದೆ, ನಿಮಗೆ ಬೇರೆ ಹೇಳಬೇಕೆ? ಒಂದು ತಿಂಗಳು ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳವೇ ಕೇಳಲಿಲ್ಲ. ದಿನಾ ಖಾನಾವಳಿಯಿಂದ ರೊಟ್ಟಿ ತರಿಸಿದ್ದಾಯಿತು. ಕೈ ನೋಡಿದ ಡಾಕ್ಟರು ಹೇಳಿದ ಮಾತು ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು: “ಬಿದ್ದವರೆಲ್ಲ ಮೊದಲು ಊರುವುದು ಅಂಗೈಯನ್ನೇ ಅಮ್ಮಾ. ತಲೆಗೆ ಹೆಲ್ಮೆಟ್ ಇದೆ, ಕೈಗೆ ಏನು ಹಾಕಿದ್ದಿರಿ?”

ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಕೈಗವಸಿಗೆ ಅಂಥ ಕಾಯಿದೆ ಇಲ್ಲ. ಕಾಯಿದೆ ಇಲ್ಲದ್ದನ್ನು ಮನೆಯವರೇ ನೋಡಿಕೊಳ್ಳಬೇಕಷ್ಟೆ.

ಕೈ ಕಟ್ಟಿಕೊಂಡು ಕೂತ ಆ ತಿಂಗಳಲ್ಲಿ ಇದರ ಬಗ್ಗೆ ತಿಳಿದವರನ್ನು ಕೇಳಿ, ಕಾಲೇಜಿಗೆ ಹೋಗುವ ಮಗಳ ಕೈಲಿ ಓದಿಸಿ ಒಂದಿಷ್ಟು ತಿಳಿದುಕೊಂಡೆ. ಚಳಿಯಾದಾಗ ನಮ್ಮ ಶರೀರ ಮೊದಲು ಎದೆ ಹೊಟ್ಟೆಗಳನ್ನು ಬೆಚ್ಚಗಿಡಲು ನೋಡುತ್ತದಂತೆ. ಅದಕ್ಕಾಗಿ ಬೆರಳುಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಬೆರಳು ಮೊದಲು ನೋಯುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ. ನೋವು ನಿಂತಿತೆಂದರೆ ಚಳಿ ಕಡಿಮೆಯಾಯಿತೆಂದಲ್ಲ, ಕೈ ಮಾತು ಕೇಳುವುದನ್ನು ಬಿಟ್ಟಿತೆಂದು ಅರ್ಥ! ಗಾಳಿ 10 ಡಿಗ್ರಿ ಇದ್ದಾಗ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಬರಿಮೈಗೆ ಅದು ಸುಮಾರು 5 ಡಿಗ್ರಿಯಷ್ಟು ಚಳಿಯಾಗಿ ತಾಗುತ್ತದೆ. ಕೈ ಒದ್ದೆಯಾದರಂತೂ ಮುಗಿದೇ ಹೋಯಿತು. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಶಾಖವನ್ನು ಎಳೆದುಕೊಳ್ಳುತ್ತದೆ. ಇನ್ನು ಅದೇ 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ಬೆರಳು ಅರ್ಧ ಸೆಕೆಂಡು ತಡಮಾಡಿದರೆ 8 ಮೀಟರ್ ಹೋಯಿತು. ನಮ್ಮ ಮನೆಯ ಪಡಸಾಲೆಯಿಂದ ಹಿತ್ತಿಲ ಬಾಗಿಲಿನವರೆಗೆ ಅಷ್ಟೂ ದೂರವಿಲ್ಲ.

ನಾವು ಹೆಂಗಸರು ದುಡ್ಡು ಬಿಚ್ಚುವ ಮೊದಲು ಮನೆಮದ್ದು ನೋಡುವವರಲ್ಲವೆ? ನಾನೂ ನೋಡಿದೆ. ನಾನೇ ಹೆಣೆದಿಟ್ಟಿದ್ದ ಉಲನ್ ಕೈಗವಸು ಕೊಟ್ಟೆ. ನಿಂತಲ್ಲಿ ಬಹಳ ಬೆಚ್ಚಗೆ, ಗಾಡಿ ಓಡತೊಡಗಿದರೆ ಹೆಣಿಗೆಯ ಕಣ್ಣಿನಿಂದ ಗಾಳಿ ಸೀದಾ ಒಳಗೆ. ಸಾಲದ್ದಕ್ಕೆ ಹ್ಯಾಂಡಲ್ ಮೇಲೆ ಜಾರುತ್ತದೆ. ಅದರ ಒಳಗೆ ಪ್ಲಾಸ್ಟಿಕ್ ಚೀಲ ಹಾಕಿಸಿದೆ. ಗಾಳಿ ನಿಂತಿತು, ಆದರೆ ಕೈ ಬೆವೆತು, ಆ ಬೆವರೇ ತಣ್ಣಗಾಗಿ ಮೊದಲಿಗಿಂತ ಕಡೆಯಾಯಿತು. ಪಾತ್ರೆ ತೊಳೆಯುವ ರಬ್ಬರ್ ಗವಸು ಕೊಟ್ಟ ದಿನ ಇವರು “ಪೇಟ್ಯಾಗ ಮಂದಿ ನಗತಾರ” ಎಂದು ಮನೆಯಲ್ಲೇ ಬಿಟ್ಟು ಹೋದರು. ದಾರಿಯಲ್ಲಿ ಸಿಕ್ಕಿಬಿದ್ದಾಗ ಉಲನ್ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು ಹತ್ತು ನಿಮಿಷ ನಿಭಾಯಿಸಬಹುದು, ಅಷ್ಟೆ. ದಿನವಹಿ ಓಡಾಟಕ್ಕೆ ಅದಲ್ಲ.

ಜನವರಿ ಕೊನೆಯಲ್ಲಿ ಕೈ ಸರಿಹೋಯಿತು. “ಈ ಗುರುವಾರ ನಾನೂ ಬರ್ತೇನಿ. ನಿಮ್ಮ ಕೆಲಸ ಮುಗಿದ ಮ್ಯಾಲೆ ರಾಣೆಬೆನ್ನೂರಿಗೆ ಹೋಗಿ ಕೈಗವಸು ತರೂಣು” ಎಂದೆ. ಬಿಸಿಲೇರಿದ ಮೇಲೆ ನಾನು ಬಸ್ಸಿನಲ್ಲಿ ಬ್ಯಾಡಗಿ ತಲುಪಿದೆ.

ನೀವು ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆ ನೋಡಿಲ್ಲವಾದರೆ ಒಮ್ಮೆ ನೋಡಲೇಬೇಕು. ಕಣ್ಣು ಹಾಯಿಸಿದಷ್ಟೂ ಕೆಂಪು ರಾಶಿ, ಚೀಲಗಳ ಸಾಲು. ಒಳಗೆ ಕಾಲಿಟ್ಟ ಕೂಡಲೇ ಸೀನು. ಸುಕ್ಕು ಸುಕ್ಕಾದ ಡಬ್ಬಿ ಕಾಯಿ, ಉದ್ದನೆಯ ಕಡ್ಡಿ ಕಾಯಿ, ಎರಡಕ್ಕೂ ಬಣ್ಣ ಹೆಚ್ಚು, ಖಾರ ಕಡಿಮೆ. ಸಾರಿಗೆ ಕೆಂಪು ಬರಲೆಂದು ನಾವು ಹಾಕುವುದು ಇದನ್ನೇ. ಇದರಿಂದ ತೆಗೆದ ಬಣ್ಣದೆಣ್ಣೆ ತುಟಿಗೆ ಬಳಿಯುವ ಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಆದರೆ ನನ್ನ ಕಣ್ಣು ಅಂದು ಹೋದದ್ದು ಕಾಯಿಯ ಮೇಲಲ್ಲ, ಕೈಗಳ ಮೇಲೆ. ಒಂದು ಕಡೆ ಸಾಲಾಗಿ ಕೂತ ಹೆಣ್ಣುಮಕ್ಕಳು ತೊಟ್ಟು ಬಿಡಿಸುತ್ತಿದ್ದರು. ಹೆಚ್ಚಿನವರದು ಬರಿಗೈ. “ಉರಿಯೂದಿಲ್ಲೇನವ್ವಾ?” ಎಂದೆ. “ಉರೀತೈತ್ರಿ. ರಾತ್ರಿ ಎಣ್ಣಿ ಹಚ್ಚಿಕೊಂಡು ಮಲಗೂದು. ಗ್ಲೌಸ್ ಹಾಕ್ಕೊಂಡ್ರ ತೊಟ್ಟು ಕೈಗೆ ಹತ್ತೂದಿಲ್ರಿ, ಕೆಲಸ ಸಾಗೂದಿಲ್ಲ” ಎಂದಳು ಒಬ್ಬಾಕೆ. ಆಕೆಯ ಮಾತಿನಲ್ಲಿ ಎರಡು ಪಾಠ ಸಿಕ್ಕವು. ಖಾರ ನೀರಿಗೆ ಹೋಗುವುದಿಲ್ಲ, ಎಣ್ಣೆಗೆ ಹೋಗುತ್ತದೆ. ಎಣ್ಣೆ ತಿಕ್ಕಿ ಆಮೇಲೆ ಸೋಪು ಹಾಕಿದರೆ ಉರಿ ಇಳಿಯುತ್ತದೆ. ಎರಡನೆಯದು, ಕೆಲಸಕ್ಕೆ ಬಾರದ ಗವಸನ್ನು ಯಾರೂ ಹಾಕುವುದಿಲ್ಲ. ಬ್ರೇಕು, ಕ್ಲಚ್ಚು ಕೈಗೆ ಹತ್ತದ ಗವಸು ಎಷ್ಟೇ ಬೆಚ್ಚಗಿದ್ದರೂ ಮೂರನೆಯ ದಿನಕ್ಕೆ ಗೂಟಕ್ಕೆ ನೇತಾಡುತ್ತದೆ.

ಮಧ್ಯಾಹ್ನ ಊಟ ಮಾಡಿ ಹೊರಟೆವು. ರಾಣೆಬೆನ್ನೂರು ಎಂದರೆ ಬೀಜ, ಹತ್ತಿಯ ವ್ಯಾಪಾರದ ಊರು. ಊರ ಸೀಮೆಯಲ್ಲಿ 1974ರಲ್ಲಿ ಆದ ಕೃಷ್ಣಮೃಗ ಅಭಯಾರಣ್ಯವೂ ಇದೆ. ಮದುವೆಯಾದಾಗಿನಿಂದ ತೋರಿಸುತ್ತೇನೆಂದು ಇವರು ಹೇಳುತ್ತಲೇ ಇದ್ದಾರೆ, ಅದಿರಲಿ. ಈ ಸೀಮೆಯ ಇನ್ನೊಂದು ಆಸ್ತಿ ಕಂಬಳಿ. ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿ ನೆಲೆಸಿದ್ದ ಕನಕದಾಸರ ಚಿತ್ರದಲ್ಲಿ ಹೆಗಲ ಮೇಲೆ ನೀವು ನೋಡಿರುವ ಕಂಬಳಿಯೇ. ಕಂಬಳಿ ಮಾರುತ್ತಿದ್ದ ಅಜ್ಜನೊಬ್ಬನ ಹತ್ತಿರ ನಿಂತು, “ಅಜ್ಜಾ, ಮಳಿಯೊಳಗೂ ಕುರುಬರು ಇದನ್ನ ಹೊದ್ದು ಕುರಿ ಕಾಯ್ತಾರಲ್ಲ, ತೋಯ್ದರ ಚಳಿ ಆಗೂದಿಲ್ಲೇನು?” ಎಂದು ಕೇಳಿದೆ.

“ತೋಯ್ದರೂ ಉಣ್ಣಿ ಬೆಚ್ಚಗ ಇರತೈತವ್ವಾ. ಅರಬಿ ತೋಯ್ದರ ಮೈಗೆ ಅಂಟಿ ನಡುಗಸ್ತೈತಿ. ಕೊಪ್ಪಿ ಮಾಡಿ ಹೊದ್ದರ ನೀರು ಮ್ಯಾಲಿಂದ ಮ್ಯಾಲೇ ಹರಿದು ಹೋಗತೈತಿ” ಎಂದ. ಹಾಸಿಗೆ ಹುಣಸೆಬೀಜದ ಗಂಜಿ ಕೊಟ್ಟು ಬಿಗಿಯಾಗಿ ನೇಯ್ದ ಒರಟು ಉಣ್ಣೆ ಅದು. ನನಗೆ ತಟ್ಟನೆ ಹೊಳೆಯಿತು. ಬೆಚ್ಚಗಿಡುವುದು ಒಂದು ಕೆಲಸ, ಗಾಳಿ–ನೀರು ತಡೆಯುವುದು ಇನ್ನೊಂದು ಕೆಲಸ. ನನ್ನ ಉಲನ್ ಗವಸು ಮೊದಲನೆಯದನ್ನಷ್ಟೇ ಮಾಡುತ್ತಿತ್ತು, ಪ್ಲಾಸ್ಟಿಕ್ ಚೀಲ ಎರಡನೆಯದನ್ನಷ್ಟೇ. ನಮಗೆ ಬೇಕಾದದ್ದು ಎರಡನ್ನೂ ಮಾಡುವಂಥದು.

ಅಂಗಡಿಯವನು ಹತ್ತು ಜೊತೆ ಮುಂದೆ ಹಾಕಿದ. ಸೀರೆ ಅಂಗಡಿಯಲ್ಲಿ ಬಣ್ಣ ನೋಡಿ ಮರುಳಾಗುವ ಹಾಗೆ ಇಲ್ಲಿಯೂ ಮರುಳಾಗಬಹುದು, ಜೋಕೆ! ನಾನು ನೋಡಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಮೂರು ಪದರ ಇದೆಯೇ ನೋಡಿ. ಹೊರಗೆ ಗಾಳಿ ತಡೆಯುವ ಚರ್ಮ ಅಥವಾ ಗಟ್ಟಿ ನೈಲಾನ್. ನಡುವೆ ಹೊರಗಿನ ನೀರನ್ನು ಬಿಡದೆ, ಒಳಗಿನ ಬೆವರಿನ ಆವಿಯನ್ನು ಮಾತ್ರ ಬಿಡುವ ತೆಳುವಾದ ಪೊರೆ. ಒಳಗೆ ಮೆತ್ತನೆಯ ಅಸ್ತರಿ. ನೀರು ತಡೆಯುವುದು ಈ ನಡುವಿನ ಪೊರೆ. ಅದಿಲ್ಲದ ಗವಸಿನಲ್ಲಿ ಹೊಲಿಗೆಯ ತೂತಿನಿಂದಲೇ ನೀರು ಇಳಿಯುತ್ತದೆ. ಚೀಟಿಯಲ್ಲಿ ‘ವಾಟರ್ ಪ್ರೂಫ್’ ಎಂದಿದ್ದರೆ ಒಂದು ಅರ್ಥ, ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ಬೇರೆ ಅರ್ಥ. ಎರಡನೆಯದು ತುಂತುರು ಹನಿಗೆ ಸ್ವಲ್ಪ ಹೊತ್ತು ತಾಳೀತು, ಜಡಿಮಳೆಗೆ ತಾಳದು.

ಎರಡನೆಯದು ಅಳತೆ. ರವಿಕೆ ಅಳೆಯುವ ಟೇಪನ್ನೇ ತೆಗೆದುಕೊಂಡು, ಹೆಬ್ಬೆರಳು ಬಿಟ್ಟು ಅಂಗೈಯ ಅಗಲವಾದ ಭಾಗದ ಸುತ್ತಳತೆ ತೆಗೆಯಿರಿ. ಬಿಗಿಯಾದ ಗವಸು ರಕ್ತ ಓಡದಂತೆ ಮಾಡುತ್ತದೆ, ಕೈ ಇನ್ನಷ್ಟು ತಣ್ಣಗಾಗುತ್ತದೆ. ಸಡಿಲವಾದರೆ ತುದಿ ಮಡಚಿಕೊಂಡು ಬ್ರೇಕಿನ ಹಿಡಿಕೆಗೆ ಸಿಕ್ಕಿಕೊಳ್ಳುತ್ತದೆ. ಮುಷ್ಟಿ ಹಿಡಿದಾಗ ಬೆರಳ ತುದಿಯಲ್ಲಿ ಎಳ್ಳು ಕಾಳಿನಷ್ಟು ಜಾಗ ಉಳಿದರೆ ಸರಿ.

ಮೂರನೆಯದು, ಗವಸು ಹಾಕಿಸಿ ಗಾಡಿಯ ಹತ್ತಿರ ಕರೆದೊಯ್ಯಿರಿ. ಅಂಗಡಿಯವರು ಬೇಡವೆನ್ನುವುದಿಲ್ಲ. ಬ್ರೇಕು ಕ್ಲಚ್ಚು ಹತ್ತು ಸಲ ಹಿಡಿದು ಬಿಡಲಿ, ಹಾರ್ನ್ ಒತ್ತಲಿ, ಇಂಡಿಕೇಟರ್ ತಿರುಗಿಸಲಿ, ಕೀಲಿ ಹಾಕಿ ತೆಗೆಯಲಿ. ಅತಿ ದಪ್ಪನೆಯ ಒಂದು ಜೊತೆಯಲ್ಲಿ ನಮ್ಮವರಿಗೆ ಇಂಡಿಕೇಟರ್ ಬದಲು ಹಾರ್ನ್ ಒತ್ತಿಹೋಯಿತು. ಅದನ್ನು ಅಲ್ಲೇ ಬಿಟ್ಟೆವು. ಬೆನ್ನ ಕಡೆ ದಪ್ಪ, ಅಂಗೈ ಕಡೆ ತೆಳುವಾಗಿ ಜಾರದಂತಿರುವುದೇ ಒಳ್ಳೆಯದು. ಬಿದ್ದಾಗ ಊರುವ ಜಾಗದಲ್ಲಿ ಚರ್ಮದ ಎರಡನೇ ಪದರ, ಗೆಣ್ಣುಗಳ ಮೇಲೆ ಗಟ್ಟಿ ರಕ್ಷೆ, ಮಣಿಕಟ್ಟಿಗೆ ಬಿಗಿಯುವ ಪಟ್ಟಿ ಇವನ್ನು ಮರೆಯದೆ ನೋಡಿ. ಪಟ್ಟಿ ಇಲ್ಲದ ಗವಸು ಬಿದ್ದ ಕೂಡಲೇ ಕೈಬಿಟ್ಟು ಹಾರಿಹೋಗುತ್ತದೆ.

ನಾಲ್ಕನೆಯದು, ಕಫ್ ಉದ್ದವಿರಲಿ. ಒಣ ಚಳಿಯಲ್ಲಿ ಗವಸು ತೋಳಿನ ಮೇಲೆ ಬರಲಿ, ಗಾಳಿ ನುಗ್ಗುವುದಿಲ್ಲ. ಮಳೆಯಲ್ಲಿ ಮಾತ್ರ ರೇನ್‌ಕೋಟಿನ ತೋಳು ಗವಸಿನ ಮೇಲೆ ಬರಲಿ. ಇಲ್ಲವಾದರೆ ತೋಳಿನಿಂದ ಹರಿದ ನೀರೆಲ್ಲ ಗವಸಿನೊಳಗೆ ತುಂಬಿ, ನೀರು ಬಿಡದ ಆ ಪೊರೆ ಒಳಗಿನ ನೀರನ್ನೂ ಹೊರಗೆ ಬಿಡದೆ ಹಿಡಿದಿಡುತ್ತದೆ!

ಬೆಲೆ ಜೊತೆಗೆ ಸಾವಿರದ ನಾನೂರು ರೂಪಾಯಿ. ನಮ್ಮಂಥವರಿಗೆ ದೊಡ್ಡ ಮೊತ್ತವೇ. ಇವರು ಹಿಂದೆ ಮುಂದೆ ನೋಡಿದರು. ನಾನು ಆಸ್ಪತ್ರೆಯ ಬಿಲ್ಲು, ಗಾಡಿಯ ರಿಪೇರಿ, ಖಾನಾವಳಿಯ ರೊಟ್ಟಿ ಎಲ್ಲ ಕೂಡಿಸಿ ಲೆಕ್ಕ ಹೇಳಿದೆ. ಲೆಕ್ಕ ಬರೆಯುವವರಿಗೆ ಲೆಕ್ಕದಲ್ಲೇ ಹೇಳಬೇಕು ನೋಡಿ. ಒಪ್ಪಿದರು. ಆಗ ನಾನು, “ಎರಡು ಜೊತಿ ಕೊಡ್ರಿ, ಒಂದು ನನ್ನ ಅಳತೀದು” ಎಂದೆ.

“ಹಿಂದ ಕೂತವರಿಗೆ ಯಾಕ?” ಎಂದರು ಇವರು.

“ಹಿಂದ ಕೂತವರ ಕೈಯೇ ಅಲ್ಲೇನ್ರೀ ಸುಲಿದದ್ದು?” ಎಂದೆ.

ಅಂಗಡಿಯವನು ನಕ್ಕ. ಇವರು ನಗಲಿಲ್ಲ. ಸ್ವಲ್ಪ ಹೊತ್ತು ನನ್ನ ಕೈಯ ಕಲೆಯನ್ನೇ ನೋಡಿ, ಸುಮ್ಮನೆ ಜೇಬಿಗೆ ಕೈ ಹಾಕಿದರು. ಬಿದ್ದ ದಿನದಿಂದ ಅವರು ಆ ಮಾತನ್ನು ಎತ್ತಿರಲೇ ಇಲ್ಲ. ತಪ್ಪು ತಮ್ಮ ಕೈಯದೆಂದು ಒಳಗೊಳಗೇ ನೊಂದುಕೊಂಡಿದ್ದರೆಂದು ನನಗೆ ಗೊತ್ತಾದದ್ದು ಆಗಲೇ. “ಕೈಯ ತಪ್ಪಲ್ಲರೀ, ಚಳೀ ತಪ್ಪು” ಎಂದೆ ಹೊರಗೆ ಬಂದ ಮೇಲೆ.

ಮನೆಗೆ ಬಂದು ಪರೀಕ್ಷೆ ಮಾಡಿದೆ. ಗವಸಿನೊಳಗೆ ಒಂದೊಂದು ಬೆರಳಿಗೂ ತೆಳು ಕಾಗದ ತುರುಕಿ, ಬಾಯಿ ಮುಳುಗದ ಹಾಗೆ ಐದು ನಿಮಿಷ ಬಕೆಟ್ ನೀರಿನಲ್ಲಿ ಹಿಡಿದೆ. ಕಾಗದ ಒಣಗಿಯೇ ಇತ್ತು. ಅಂಗಡಿಯಲ್ಲಿ ಮೊದಲೇ “ನೀರು ಬಂದರೆ ವಾಪಸ್” ಎಂದು ಮಾತು ತೆಗೆದುಕೊಂಡಿದ್ದೆ, ನೀವೂ ತೆಗೆದುಕೊಳ್ಳಿ.

ಒಂದು ತಮಾಷೆಯೂ ಆಯಿತು. ಮೊದಲ ವಾರವೇ ನಮ್ಮವರು ಕಾಯಿಯ ರಾಶಿಯಲ್ಲಿ ಕೈಯಾಡಿಸಿ, ತೊಳೆಯದೆ ಗವಸು ಹಾಕಿಕೊಂಡರು. ಒಳಗೆ ಖಾರದ ಪುಡಿ, ಮೇಲೆ ಬೆವರು. ಹಾವೇರಿ ಬರುವಷ್ಟರಲ್ಲಿ “ಬೆಚ್ಚಗ ಏನು, ಬೆಂಕಿ ಹತ್ತೇತಿ!” ಎಂದು ಕೂಗುತ್ತಾ ಬಂದರು. ಪುಣ್ಯಕ್ಕೆ ಕಣ್ಣು ಉಜ್ಜಿಕೊಂಡಿರಲಿಲ್ಲ. ಕೈಗೆ ಎಣ್ಣೆ ತಿಕ್ಕಿ, ಗವಸಿನ ಒಳಗನ್ನು ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ಎರಡು ಸಲ ತೊಳೆದೆ. ಈಗ ಪೇಟೆಯಲ್ಲಿ ಕೈ ತೊಳೆದೇ ಹಾಕಿಕೊಳ್ಳುತ್ತಾರೆ.

ತೊಳೆದ ಗವಸನ್ನು ಹಿಂಡಬೇಡಿ, ಒಲೆಯ ಹತ್ತಿರ ಒಣಗಿಸಬೇಡಿ. ಒತ್ತಿ ನೀರು ತೆಗೆದು ನೆರಳಿನಲ್ಲಿ ಗಾಳಿಗೆ ಇಡಿ. ಒದ್ದೆ ಕೈಯನ್ನು ಅವಸರದಿಂದ ಎಳೆದರೆ ಅಸ್ತರಿಯೂ ಜೊತೆಗೆ ಕಿತ್ತು ಬರುತ್ತದೆ. ಬೆರಳ ತುದಿ ಹಿಡಿದು ನಿಧಾನವಾಗಿ ತೆಗೆಯಬೇಕು. ಕೈ ಜೋಮು ಹಿಡಿದು ಬಂದವರನ್ನು ಕೂಡಲೇ ಬೆಂಕಿಗೆ ಹಿಡಿಸಬೇಡಿ. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಕಂಕುಳಲ್ಲಿ ಇಟ್ಟುಕೊಳ್ಳಲಿ, ಚಹಾ ಲೋಟ ಆಮೇಲೆ ಹಿಡಿಯಲಿ. ಸಕ್ಕರೆ ಕಾಯಿಲೆಯವರಿದ್ದರೆ, ಚಳಿಗೆ ಬೆರಳು ಬೆಳ್ಳಗಾಗುವವರಿದ್ದರೆ ಡಾಕ್ಟರಿಗೆ ತೋರಿಸಿ.

ಜುಲೈ ತಿಂಗಳ ಜಿಟಿಜಿಟಿ ಮಳೆಯನ್ನೂ ಆ ಗವಸು ತಡೆಯಿತು. ಈಗ ಮತ್ತೊಂದು ಚಳಿಗಾಲ. ಸೋಮವಾರ, ಗುರುವಾರ ಬೆಳಗಿನ ಐದೂವರೆಗೆ ಗಾಡಿಯ ಸದ್ದಾಗುತ್ತದೆ, ಆಮೇಲೆ ನಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಎರಡೂ ಸದ್ದು ಕೇಳುತ್ತಿದ್ದರೆ ಮನೆ ನೆಟ್ಟಗಿದೆಯೆಂದು ಲೆಕ್ಕ.

ನಿಮ್ಮ ಮನೆಯಲ್ಲೂ ಬೆಳಗಿನ ಜಾವ ಗಾಡಿ ಹತ್ತುವವರಿರಬಹುದು, ಹಾಲು ಹಾಕುವ ಮಗ, ಶಾಲೆಗೆ ಹೋಗುವ ಟೀಚರ್ ಮಗಳು, ಪಾಳಿಯ ಕೆಲಸದ ಯಜಮಾನರು. ನಾಳೆ ಅವರು ಮನೆಗೆ ಬಂದಾಗ, ಏನು ತಂದಿರಿ ಎಂದು ಕೇಳುವ ಮೊದಲು ಅವರ ಬೆರಳುಗಳನ್ನೊಮ್ಮೆ ಮುಟ್ಟಿ ನೋಡಿ. ತಣ್ಣಗಿದ್ದರೆ ಟೇಪು ತೆಗೆದುಕೊಂಡು ಅಳತೆ ಹಿಡಿಯಿರಿ. ಹಿಂದೆ ಕೂರುವವರು ನೀವಾದರೆ, ನಿಮ್ಮ ಕೈಯದನ್ನೂ.